ದೊಡ್ಡಮ್ಮನ ಬಡ್ತಿ

ಹೈನುಗಾರಿಕೆಯಲ್ಲಿ ಎಂತೆಂಥ ಉದ್ಯೋಗಗಳಿವೆಯೆಂದು ತೋರಿಸಲು ಶಾಲೆಯ ಮೇಷ್ಟ್ರು ಮಕ್ಕಳನ್ನು ಹಸುಗಳ ಫಾರ್ಮಿಗೆ ಕರೆತಂದ ದಿನವೂ ಅಲ್ಲಿ ಹಾಲು ಕರೆಯುತ್ತಿದ್ದವಳು ದೊಡ್ಡಮ್ಮ. ಇಸ್ತ್ರಿ ಮುರಿಯದ ಅಂಗಿ ತೊಟ್ಟ ಮ್ಯಾನೇಜರ್, ಗೋಡೆಯ ಮೇಲಿನ ಏಣಿಯ ಚಿತ್ರಕ್ಕೆ ಕೋಲು ತಾಗಿಸಿ, ಸಹಾಯಕ, ಮೇಲ್ವಿಚಾರಕ, ಮ್ಯಾನೇಜರ್ ಎಂದು ಮಕ್ಕಳನ್ನು ಮೆಟ್ಟಿಲು ಹತ್ತಿಸುತ್ತಿದ್ದ. ಅವನ ಕೈ ಕೆಚ್ಚಲಿಗೆ ತಾಗಿದ್ದನ್ನು ಮಾತ್ರ ಕಂಡವರಿರಲಿಲ್ಲ.

"ಹಾಲು ಕರೆಯೋರು ಎಷ್ಟನೇ ಮೆಟ್ಟಿಲು?" ಒಬ್ಬ ಹುಡುಗಿ ಕೇಳಿದಳು.

"ನಾವು ಏಣಿ ಬೀಳದ ಹಾಗೆ ಹಿಡ್ಕೊಂಡಿರೋರು, ಮಗಾ," ಎಂದಳು ದೊಡ್ಡಮ್ಮ, ಕೈಯೊರೆಸಿಕೊಳ್ಳುತ್ತ.

ಹತ್ತೊಂಬತ್ತು ವರ್ಷ ಹಾಲು ಕರೆದ ಮೇಲೆ ಆಕೆ ಮೇಲ್ವಿಚಾರಕಿಯ ಕೆಲಸ ಕೇಳಿದ್ದಳು. ಶಿಫಾರಸು ಬರೆಯಬೇಕಾದವನು ಇದೇ ಮಹಾನುಭಾವ.

ಮಕ್ಕಳು ಹೋದರು. ಸಂಜೆ ಹಾಲು ಕರೆಯಲು ನಿಂತಾಗ ದೊಡ್ಡಮ್ಮ ಮೊದಲು ಹಸುಗಳ ಕಾಲು ನೋಡಿದಳು. ಸೂಜಿಮದ್ದು ಹಾಕಿದ ಹಸುವಿನ ಕಾಲಿಗೆ ಕೆಂಪು ಪಟ್ಟಿ ಕಟ್ಟುವುದು ಅಲ್ಲಿಯ ಪದ್ಧತಿ. ಅದರ ಹಾಲು ಕೆಲವು ದಿನ ಟ್ಯಾಂಕಿಗೆ ಹೋಗದೆ ಚರಂಡಿಗೆ ಹೋಗಬೇಕು. ಈಗ ಯಾವ ಕಾಲಿನಲ್ಲೂ ಪಟ್ಟಿಯಿಲ್ಲ.

"ನಾನೇ ಬಿಚ್ಚಿಸಿದೆ," ಎಂದ ಮ್ಯಾನೇಜರ್. "ಬಂದವರ ಕಣ್ಣಿಗೆ ಆಸ್ಪತ್ರೆ ಥರ ಕಾಣ್ತಿತ್ತು."

"ಮದ್ದು ಹಾಕಿದ ಈ ಮೂರನ್ನ ಬೇರೆ ಕರೀತೀನಿ, ಸಾರ್."

"ಎಲ್ಲಾ ಚೆನ್ನಾಗೇ ಇವೆ. ತಲೆಹರಟೆ ಮಾಡಿದ್ರೆ ಶಿಫಾರಸು ಮರೆತುಬಿಡು."

"ಮರೆತೆ ಬಿಡಿ," ಎಂದು ಆಕೆ ಬಕೆಟ್ಟು ಎತ್ತಿಕೊಂಡಳು.

ಆಕೆ ಎರಡನ್ನು ಕರೆದು ಚರಂಡಿಗೆ ಚೆಲ್ಲಿ ಬರುವಷ್ಟರಲ್ಲಿ ಅವನು ಜಿದ್ದಿಗೆ ಬಿದ್ದು, ಜೀವಮಾನದಲ್ಲಿ ಮೊದಲ ಸಲ ಹಸುವಿನ ಬಳಿ ಕುಕ್ಕರಗಾಲಲ್ಲಿ ಕುಳಿತು, ಮೂರನೆಯದಕ್ಕೆ ಹಾಲನ್ನು ನೇರ ಟ್ಯಾಂಕಿಗೆ ಎಳೆಯುವ ಮೆಷಿನ್ ತಗುಲಿಸಿಬಿಟ್ಟಿದ್ದ.

ಮರುದಿನ ಡೇರಿಯ ಪರೀಕ್ಷೆಯಲ್ಲಿ ಮದ್ದಿನ ಅಂಶ ಸಿಕ್ಕಿ ಟ್ಯಾಂಕಿನ ಹಾಲೆಲ್ಲ ವಾಪಸು ಬಂತು. ಫಾರ್ಮಿನ ಯಜಮಾನರ ಮುಂದೆ ಮ್ಯಾನೇಜರ್, "ಆಯಮ್ಮನಿಗೆ ವಯಸ್ಸಾಯ್ತು, ಮರೆವು," ಎಂದು ಕೈ ತೊಳೆದುಕೊಂಡ.

"ಪಟ್ಟಿಗಳೆಲ್ಲಿ?" ಎಂದರು ಯಜಮಾನರು.

ಅವು ಅವನ ಮೇಜಿನ ಖಾನೆಯಲ್ಲಿ, ಒಗೆದು ಮಡಿಸಿಟ್ಟ ಹಾಗೆ ಸಿಕ್ಕವು. ಹೊಲಸು ಸಹಿಸದ ಮನುಷ್ಯನಲ್ಲವೇ.

"ಯಾವ್ಯಾವ ಹಸುವಿಂದಪ್ಪಾ ಇವು?"

ಅವನು ಗೋಡೆ ನೋಡಿದ. ದೊಡ್ಡಮ್ಮ ಕೊಟ್ಟಿಗೆಯತ್ತ ಗದ್ದ ಎತ್ತಿ ಒಂದೊಂದಾಗಿ ಮೂರನ್ನೂ ತೋರಿಸಿದಳು. ಶಿಫಾರಸಿನ ಕಾಗದ ಯಾರಿಗೂ ಬೇಕಾಗಲಿಲ್ಲ.

ಅವನೇನೂ ಹಾಳಾಗಲಿಲ್ಲ. ಅಂಥವರು ಬಿದ್ದರೂ ಕುರ್ಚಿಯ ಮೇಲೇ ಬೀಳುತ್ತಾರೆ. ಈಗ ಯಾವುದೋ ತರಬೇತಿ ಕೇಂದ್ರದಲ್ಲಿ ಹೈನುಗಾರಿಕೆಯ ಉಜ್ಜ್ವಲ ಭವಿಷ್ಯದ ಬಗ್ಗೆ ಭಾಷಣ ಬಿಗಿಯುತ್ತಾನಂತೆ. ಅಲ್ಲಿಂದ ಪ್ರಮಾಣಪತ್ರ ಹಿಡಿದು ಬರುವವರ ಕೈಗೆ ಮೇಲ್ವಿಚಾರಕಿ ದೊಡ್ಡಮ್ಮ ಮೊದಲು ಸಗಣಿ ಬಾಚುವ ಸಲಿಕೆ ಕೊಡುತ್ತಾಳೆ. ನಲವತ್ತು ಹಸುಗಳನ್ನೂ ಮುಖ ನೋಡಿ ಗುರುತಿಸುವ ತನಕ ಮೆಷಿನ್ ಮುಟ್ಟಗೊಡುವುದಿಲ್ಲ.