ಕ್ಯಾಲಮ್‌ವೇಲಿನ ಕ್ಲಚ್ಚು
ಬ್ರಿಸ್ಬೇನಿನ ಕ್ಯಾಲಮ್‌ವೇಲಿನಲ್ಲಿರುವ ನಮ್ಮ ರಮಾಕಾಂತರು ಶನಿವಾರ ಬಂತೆಂದರೆ ಗ್ಯಾರೇಜು ಸೇರಿ, ಕೊಬ್ಬಿದ ಹೋರಿಯ ಮೈ ಸವರುವಂತೆ ತಮ್ಮ ಹಳೇ ವಿ-ಎಯ್ಟ್ ಎಂಜಿನ್ನಿನ ಕಾರನ್ನು ಸವರುತ್ತಾರೆ. ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ, ಕೈಯಲ್ಲಿ ಹಾಕುವ ಗೇರು, ಕಾಲಲ್ಲಿ ತುಳಿಯುವ ಕ್ಲಚ್ಚು ಕೂಡಿಸುತ್ತಾ ವರ್ಷವೇ ಆಯಿತು. ಗೇರು ಹಿಡಿದು ಕಣ್ಣು ಮುಚ್ಚಿದರೆ, ನಿಂತ ಕಾರಿನಲ್ಲೇ ಕಡಲ ದಂಡೆ ಮುಟ್ಟಿ ಬರುತ್ತಾರೆ. “ರೀ, ಊಟದ ಕಡೆಗೂ ಒಂದು ಗೇರ್ ಹಾಕಿ!” ಎಂದು ಹೆಂಡತಿ ಜಯಲಕ್ಷ್ಮಿ ಕೂಗಿದರೆ, “ನ್ಯೂಟ್ರಲ್‌ನಲ್ಲಿದ್ದೀನಿ ಕಣೇ,” ಎನ್ನುತ್ತಾರೆ. ಈ ತಾಪತ್ರಯ ಯಾಕೆಂದು ಒಮ್ಮೆ ಕೇಳಿದೆ. ಲಕ್ವ ಹೊಡೆದು ಮರಗಟ್ಟಿದ ಎಡಗಾಲನ್ನು ತಟ್ಟಿ, “ಆಟೊಮ್ಯಾಟಿಕ್‌ನಲ್ಲಿ ಇವನಿಗೆ ಕೆಲಸವೇ ಇಲ್ವಲ್ಲ, ಅದಕ್ಕೇ ಮಲಗಿಬಿಟ್ಟಿದ್ದಾನೆ. ಕೆಲಸ ಕೊಟ್ರೆ ಏಳ್ತಾನೆ,” ಎಂದರು. ಮೊನ್ನೆ ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟು, ಕೈ ತೆಗೆದರು. ಬಹಳ ಹೊತ್ತಿನ ಮೇಲೆ ಪೆಡಲು ಒಂದು ಬೆರಳಗಲ ಇಳಿಯಿತು.