ಹಸು ಕೊಟ್ಟ ತೀರ್ಪು

ಹಾಲು ಮಾರುವ ಅಕ್ಕನಿಗೆ ನಗು ಬಂದರೆ ಹಿಡಿದು ನಿಲ್ಲಿಸುವವರಿಲ್ಲ. ಒಂದು ಸಲ ಮೇವಿನ ಜೋಳ ಬಿತ್ತುವಾಗ ಗಂಡ ಗೇಣಿಗೊಂದು ಕಾಳು ಅಳೆದು ಊರಿದ. ಅವಳು ತನ್ನ ಪಾಲಿನ ಅರ್ಧ ಹೊಲದಲ್ಲಿ ಕೈಗೆ ಬಂದಷ್ಟು ಒತ್ತಾಗಿ ಚೆಲ್ಲಿದಳು.

"ಹಿಂಗೆ ಚೆಲ್ಲಿದ್ರೆ ಬರೀ ಕಡ್ಡಿ ಬೆಳೀತವೆ ಕಣೇ," ಎಂದ.

ನಿಜವೇ. ಅವನ ದಂಟು ರಟ್ಟೆ ಗಾತ್ರ, ಅವಳದು ಕಿರುಬೆರಳು. ಅವನು ಬೀಗುತ್ತ ಇಬ್ಬರ ಬೆಳೆಯಿಂದಲೂ ಒಂದೊಂದು ಹೊರೆ ಕೊಯ್ದು ತಂದು ಗೋದಲಿಗೆ ಹಾಕಿದ. ಹಸು ಅವಳ ಹೊರೆಯನ್ನು ಬುಡಸಮೇತ ಮೇಯ್ದು, ಅವನದರಲ್ಲಿ ಗರಿ ಮಾತ್ರ ಕಿತ್ತು ತಿಂದು, ದಂಟನ್ನು ಮೂತಿಯಿಂದ ಅವನ ಕಾಲ ಬಳಿಗೇ ತಳ್ಳಿತು. ಅಕ್ಕ ಹಾಲಿನ ಕ್ಯಾನಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗಂಡ ಒಂದು ದಂಟು ಎತ್ತಿ ಬಗ್ಗಿಸಿ ನೋಡಿದ. "ಬಟ್ಟೆ ಒಣಗಿಸೋ ಹಗ್ಗ ಜೋತುಬಿದ್ದಿದೆ, ಆಸರೆಗೆ ಕೋಲು ಬೇಕು ಅಂತಿದ್ಯಲ್ಲ, ತಗೋ," ಎಂದ. "ಅದಕ್ಕೇ ಬೆಳೆದಿದ್ದು."