ನೂರು ಫಿಲ್ಸ್ ಹಲಗೆಯ ಮೇಲೆ ಎಡಗೈ ಬರಹ

ಕುವೈತಿಗೆ ಬರುವ ಮೊದಲು ಕಮಲಾಕ್ಷ ಮೂಲ್ಕಿಯಲ್ಲಿ ಬೋರ್ಡ್ ಬರೆಯುತ್ತಿದ್ದ. ಬಸ್ಸುಗಳ ಹಣೆಯ ಹೆಸರು, ಸೋಡಾ ಅಂಗಡಿಯ ಫಲಕ, ಯಕ್ಷಗಾನ ಮೇಳದ ಬ್ಯಾನರು, ಎಲ್ಲಕ್ಕೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಫ್ಲೆಕ್ಸ್ ಬಂದ ಎರಡೇ ವರ್ಷದಲ್ಲಿ ಆ ಕೆಲಸ ನಿಂತುಹೋಯಿತು. ಸುಲೈಬಿಯಾದ ಒಂದು ಕೇಟರಿಂಗ್ ಕಂಪನಿಯ ಗೋದಾಮಿಗೆ ಸ್ಟೋರ್‌ಕೀಪರ್ ಆಗಿ ಬಂದವನು, ಹದಿನಾರು ವರ್ಷ ಅಲ್ಲೇ ಲಾರಿಗಳ ಬಾಗಿಲಲ್ಲಿ ನಿಂತು, ಮೂಟೆ ಇಳಿಸುವವರನ್ನು ‘ಯಲ್ಲಾ, ಯಲ್ಲಾ’ ಎಂದು ಅವಸರಪಡಿಸುತ್ತ ಕಳೆದ.

ಹೆಂಡತಿ ಚಂಪಾ ತಡವಾಗಿ, ತನ್ನದೇ ವೀಸಾದ ಮೇಲೆ ಬಂದವಳು. ಜಾಬ್ರಿಯಾದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಡಾಕ್ಟರರ ಪಕ್ಕ ನಿಂತು ಸಲಕರಣೆ ತೊಳೆದು ಕೊಡುವ ಕೆಲಸ. ಖೈತಾನಿನಲ್ಲಿ ವೈಲೆಟ್ ಎಂಬ ಊರಿನ ಕಡೆಯ ಹೆಂಗಸಿನ ಫ್ಲ್ಯಾಟಿನಲ್ಲಿ ಗಂಡ ಹೆಂಡತಿಗೆ ಒಂದು ಕೋಣೆ. ಒಬ್ಬಳೇ ಮಗಳು ಅಶ್ಮಿತಾ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು.

ಒಂದು ಅಕ್ಟೋಬರ್ ಬೆಳಿಗ್ಗೆ ಕಮಲಾಕ್ಷ ಗೋದಾಮಿನ ನೆಲದ ಮೇಲೆ ಕುಸಿದು ಕುಳಿತ. ಜೊತೆಯವರು ಸೆಕೆಗೆ ತಲೆ ತಿರುಗಿರಬೇಕೆಂದು ನೀರು ಕುಡಿಸಲು ಹೋದರು. ನೀರು ಬಾಯಿಯ ಒಂದು ಬದಿಯಿಂದ ಇಳಿದುಹೋಯಿತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಹುಟ್ಟಿನಿಂದ ಆಡಿದ ತುಳು, ಶಾಲೆಯಲ್ಲಿ ಕಲಿತ ಕನ್ನಡ, ಗೋದಾಮಿನ ಹಿಂದಿ ಯಾವುದೂ ನಾಲಗೆಗೆ ಬರುತ್ತಿರಲಿಲ್ಲ. ಉಳಿದದ್ದು ‘ಯಲ್ಲಾ’ ಒಂದೇ. ಹಸಿವಾದರೂ ಯಲ್ಲಾ, ನೋವಾದರೂ ಯಲ್ಲಾ. ಅಪ್ಪನ ದನಿ ಕೇಳಿಸೆಂದು ಅಶ್ಮಿತಾ ಫೋನಿನಲ್ಲಿ ಅತ್ತಾಗಲೂ ಅವನು ಮೆಲ್ಲಗೆ ಅದನ್ನೇ ಹೇಳಿದ.

ಮನೆಗೆ ಕಳಿಸುವಾಗ ವ್ಯಾಯಾಮ ಮಾಡಿಸುವ ಮಲಯಾಳಿ ಹುಡುಗಿ, ಎಡಗೈಗೆ ಅವರಿಗೆ ಇಷ್ಟವಾದ ಏನಾದರೂ ಕೆಲಸ ಕೊಡಿ ಎಂದಿದ್ದಳು. ಅವನಿಗೆ ಇಷ್ಟವಾದದ್ದು ಏನು ಎಂದು ಚಂಪಾ ಯೋಚಿಸಿ ವರ್ಷಗಳೇ ಆಗಿದ್ದವು.

ದಾರಿ ತೋರಿಸಿದ್ದು ಕ್ಲಿನಿಕ್ಕಿನ ಡಾಕ್ಟರ್ ಶ್ರಾವಣಿ. ಮೈಸೂರಿನವಳು, ಆಗಷ್ಟೇ ಹೊಸ ಫ್ಲ್ಯಾಟಿಗೆ ಹೋಗಿದ್ದಳು. ರೋಗಿಗಳಿಲ್ಲದ ಮಧ್ಯಾಹ್ನ ಮೊಬೈಲಿನಲ್ಲಿ ಒಂದು ಗೋಡೆಯ ಚಿತ್ರ ತೋರಿಸಿದಳು. ಅಂಚಿನಲ್ಲಿ ಬಣ್ಣ ಸವೆದ ಬಿಳಿ ಹಲಗೆಗಳು, ಸೆಣಬಿನ ಹಗ್ಗ, ಬಾಯಿಬಿಟ್ಟ ಹತ್ತಿಕಾಯಿಯ ಕಡ್ಡಿ, ನಡುವೆ ದೊಡ್ಡ ಇಂಗ್ಲಿಷ್ ಅಕ್ಷರಗಳು. ಇದನ್ನು ಫಾರ್ಮ್‌ಹೌಸ್ ಸ್ಟೈಲ್ ಅಂತಾರೆ, ಅಂಗಡಿಯಲ್ಲಿ ಕೊಳ್ಳಲು ಹೋದರೆ ಕೈ ಸುಡುತ್ತದೆ, ಆದರೆ ಇದರ ಸಾಮಾನೆಲ್ಲ ಅಗ್ಗದ್ದೇ ಎಂದಳು. ಗದ್ದೆ ಮನೆಯಲ್ಲೇ ಹುಟ್ಟಿದ ಚಂಪಾ ಬೆರಗಾಗಿ ನೋಡಿದಳು. ಅವಳ ತವರಿನ ಗೋಡೆಯಲ್ಲಿದ್ದದ್ದು ಸೊಸೈಟಿಯ ಕ್ಯಾಲೆಂಡರ್ ಒಂದೇ. ಆದರೂ ಬಾಯಿಂದ ಮಾತು ಹೊರಟೇ ಹೋಯಿತು:

“ನಮ್ಮ ಇವರು ಮೊದಲು ಬೋರ್ಡ್ ಬರೀತಿದ್ರು ಡಾಕ್ಟ್ರೇ. ನಾವು ಮಾಡಿ ನೋಡ್ತೇವೆ.”

ಮುಂದಿನ ಶುಕ್ರವಾರ ಅವಳು ಖೈತಾನಿನ ನೂರು ಫಿಲ್ಸ್ ಅಂಗಡಿಗೆ ಹೋದಳು. ಹೆಸರು ಹಾಗಿದ್ದರೂ ಈಗ ಅಲ್ಲಿ ನೂರು ಫಿಲ್ಸಿನ ಚಿಲ್ಲರೆ ಕಾಸಿಗೆ ಸಿಗುವುದು ಕಡಿಮೆ. ತರಕಾರಿ ಹೆಚ್ಚುವ ತೆಳು ಮರದ ಹಲಗೆ, ಗಾಜು ಒಡೆದ ಫೋಟೋ ಫ್ರೇಮು, ಸೆಣಬಿನ ಉಂಡೆ, ಪ್ಲಾಸ್ಟಿಕ್ ಎಲೆ, ಹತ್ತಿ ಆರಿಸಿ ತಂದಳು. ಬಿಳಿ ಗೋಡೆ ಬಣ್ಣ ಯಾರದೋ ಫ್ಲ್ಯಾಟಿನಲ್ಲಿ ಉಳಿದದ್ದನ್ನು ವೈಲೆಟ್ ತಂದುಕೊಟ್ಟಳು. ಕಾಫಿಪುಡಿ ಕುದಿಸಿದ ನೀರನ್ನು ಹಲಗೆಗೆ ಬಳಿದರೆ ಹಳೆಯ ಮರದ ಬಣ್ಣ ಬರುತ್ತದೆ. ಒಣಗಿದ ಮೇಲೆ ಅಂಚಿಗೆ ಮೇಣದಬತ್ತಿ ಉಜ್ಜಿ, ಮಕ್ಕಳ ಪೌಡರ್ ಕಲಸಿದ ಬಿಳಿ ಬಣ್ಣ ಹಚ್ಚಬೇಕು. ಆಮೇಲೆ ಮರಳುಕಾಗದದಿಂದ ತಿಕ್ಕಿದರೆ ಮೇಣವಿದ್ದ ಕಡೆ ಬಣ್ಣ ಎದ್ದುಬಂದು, ನೂರು ವರ್ಷ ಬಿಸಿಲು ತಿಂದ ಹಾಗೆ ಕಾಣುತ್ತದೆ. ಇದನ್ನೆಲ್ಲ ಅವಳು ವಿಡಿಯೊ ನೋಡಿ ಕಲಿತಳು.

ಗೋಡೆಗೊರಗಿ ಕುಳಿತ ಕಮಲಾಕ್ಷ ಎಲ್ಲವನ್ನೂ ನೋಡುತ್ತಿದ್ದ. ಅವಳು ಹೊಸ ಬಣ್ಣವನ್ನು ತಿಕ್ಕಿ ತೆಗೆಯತೊಡಗಿದಾಗ ಅವನ ಮುಖ ಗಂಟಿಕ್ಕಿತು, ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದ. ಬೇಕೆಂದೇ ಹಾಳು ಮಾಡುವುದು, ಈಗ ಜನಕ್ಕೆ ಇದೇ ಚಂದ ಎಂದು ಅವಳು ತುಳುವಿನಲ್ಲಿ ವಿವರಿಸಿದಳು. ಅವನ ಬಾಯಿಯ ಚಲಿಸುವ ಬದಿಯಲ್ಲಿ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕದ್ದು.

ಶ್ರಾವಣಿ ತನಗೆ ಬೇಕಾದ ಇಂಗ್ಲಿಷ್ ಸಾಲು ಬರೆದುಕೊಟ್ಟ ಚೀಟಿಯನ್ನು ಎದುರಿಗಿಟ್ಟು ಚಂಪಾ ಅವನಿಗೆ ಕುಂಚ ಕೊಟ್ಟಳು. ಮೊದಲ ವಾರ ಎಡಗೈ ನಡುಗಿತು, ಅವನು ಎರಡು ಹಲಗೆ ಎಸೆದ. ಮೂರನೆಯ ವಾರಕ್ಕೆ ಗೆರೆ ನೆಟ್ಟಗಾಯಿತು. ಸೀಮೆಸುಣ್ಣ ಹಚ್ಚಿದ ದಾರದ ಒಂದು ತುದಿಯನ್ನು ಅವಳು ಹಿಡಿಯುವುದು, ಇನ್ನೊಂದನ್ನು ಅವನು ಮಂಡಿಯಡಿ ಒತ್ತಿ ನಡುವೆ ಮೀಟುವುದು. ಹಲಗೆಯ ಮೇಲೆ ಬಿಳಿ ಗೆರೆ ಬೀಳುತ್ತಿತ್ತು. ಆ ಗೆರೆಯ ಮೇಲೆ ಅಕ್ಷರಗಳು ದಪ್ಪವಾಗಿ, ಬಾಲ ಬಾಗಿಸಿಕೊಂಡು ಕುಳಿತವು. ಶ್ರಾವಣಿಯ ಗೋಡೆ ನೋಡಿದ ಅವಳ ಗೆಳತಿಯರು ತಮಗೂ ಬೇಕೆಂದರು. ಕೋಣೆಯಲ್ಲಿ ಮಂಚದಡಿಯೆಲ್ಲ ಹಲಗೆಗಳು ತುಂಬಿದವು.

ಆ ಚಳಿಗಾಲದಲ್ಲಿ ಚಂಪಾಳಿಗೆ ಆಸೆ ಹುಟ್ಟಿತು. ಮಗಳ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಚೆನ್ನಾಗಿ ಹದ ಮಾಡಿದ ಹಲಗೆಯೊಂದನ್ನು ಗಂಡನ ಮುಂದಿಟ್ಟು, ಅಶ್ಮಿತಾಳ ಹೆಸರನ್ನು ಕನ್ನಡದಲ್ಲಿ ಬರೆಯಿರಿ ಎಂದಳು. ಮಗಳ ಹೆಸರಿಗೆ ಚೀಟಿ ಯಾಕೆಂದು ಏನನ್ನೂ ಬರೆದುಕೊಡದೆ ಕ್ಲಿನಿಕ್ಕಿಗೆ ಹೋದಳು.

ಸಂಜೆ ಬಂದಾಗ ಹಲಗೆ ಗೋಡೆಗೊರಗಿತ್ತು. ಇಷ್ಟು ಚಂದದ ಬರಹವನ್ನು ಅವನು ಬಲಗೈಯಲ್ಲೂ ಬರೆದಿರಲಿಕ್ಕಿಲ್ಲ. ನೀಲಿ ಅಕ್ಷರ, ಪ್ರತಿಯೊಂದಕ್ಕೂ ಬೂದು ನೆರಳು. ‘ಅ’ ಇತ್ತು. ಅದರ ಪಕ್ಕ ‘ಲ’, ‘ರು’, ಮತ್ತೆ ‘ಲ’, ಕೊನೆಗೆ ‘ಣಾ’. ಅವಳು ಎರಡೆರಡು ಸಲ ಓದಿದಳು. ಚೀಟಿ ಎದುರಿಗಿದ್ದರೆ ನೋಡಿ ಬರೆಯುವ ಕೈ ಉಳಿದಿತ್ತು. ಹೆಸರು ಉಳಿದಿರಲಿಲ್ಲ. ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದ. ಅವಳು, ಲಾಯ್ಕಾಗಿದೆ ಎಂದಳು.

ಹುಟ್ಟುಹಬ್ಬದ ದಿನ ವಿಡಿಯೊ ಕಾಲಿನಲ್ಲಿ ಕಮಲಾಕ್ಷ ತಾನೇ ಹಲಗೆ ಎತ್ತಿ ತೋರಿಸಿದ. ಚಂಪಾ ಮಗಳಿಗೆ ಮೊದಲೇ ಹೇಳಿಡಲು ಮರೆತಿದ್ದಳು.

“ಅದೆಂತ ಬರ್ದದ್ದು, ಅಮ್ಮಾ?” ಎಂದಳು ಅಶ್ಮಿತಾ.

“ನಿನ್ನ ಹೆಸ್ರು ಮಗಾ.”

ನರ್ಸಿಂಗ್ ಓದುವ ಹುಡುಗಿಗೆ ಅರ್ಥವಾಗಲು ಹೆಚ್ಚು ಬೇಕಿರಲಿಲ್ಲ. “ಭಾರೀ ಚಂದ ಉಂಟು ಪಪ್ಪಾ, ನನಗೆ ಕಳಿಸಿ,” ಎಂದಳು. ಆದರೆ ಅವನು ಅವಳ ಮೊದಲ ಪ್ರಶ್ನೆ ಕೇಳಿಸಿಕೊಂಡಿದ್ದ. ಹಲಗೆಯನ್ನು ತನ್ನ ಕಡೆ ತಿರುಗಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದ. ಫೋನ್ ಇಟ್ಟ ಮೇಲೂ ನೋಡುತ್ತಲೇ ಇದ್ದ. ಅಂದಿನಿಂದ ಅವನು ಕುಂಚ ಹಿಡಿಯಲಿಲ್ಲ. ಚಂಪಾ ಚೀಟಿ ಇಟ್ಟು ಕರೆದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ.

ಮಾರ್ಚಿನಲ್ಲಿ ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಮಂದೂಬ್ ಕೋಣೆಗೇ ಬಂದ. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಕಮಲಾಕ್ಷನ ಪಕ್ಕ ಕುಳಿತ. ಕಾಯಿಲೆ ರಜೆ ಮುಗಿದಿದೆ, ವೀಸಾ ಕೊಟ್ಟ ಕಫೀಲ್ ಇನ್ನು ಇಲ್ಲಿರಲು ಬೇಕಾದ ಇಕಾಮಾ ಮುಂದುವರಿಸುವುದಿಲ್ಲ ಎಂದ. ತನ್ನ ಇಕಾಮಾದ ಮೇಲೆ ಗಂಡನನ್ನು ಇಟ್ಟುಕೊಳ್ಳಲಾಗುತ್ತದೆಯೇ ಎಂದು ಚಂಪಾ ಕೇಳಿದಳು. ನಿನ್ನ ಕೆಲಸದವರಿಗೆ ಆಗುವುದಿಲ್ಲ ಎಂದು ತಲೆಯಾಡಿಸಿದ. ಅವಳೂ ಜೊತೆಗೆ ಹೊರಟರೆ ಮಗಳ ಓದು ಅಲ್ಲಿಗೇ ನಿಲ್ಲುತ್ತಿತ್ತು, ಅವನ ಔಷಧಿಗೂ ದಾರಿ ಇರಲಿಲ್ಲ. ಎರಡು ದಿನ ವೈಲೆಟ್ ಜೊತೆ ಕುಳಿತು ಮಾತಾಡಿದರೂ ಬೇರೆ ದಾರಿ ಕಾಣಲಿಲ್ಲ.

ರಜೆಗೆ ಹೊರಟಿದ್ದ ವೈಲೆಟ್ ಅದೇ ವಿಮಾನದಲ್ಲಿ ಅವನನ್ನು ಕರೆದೊಯ್ಯಲು ಒಪ್ಪಿದಳು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವವನು ಬಂದಾಗ ಕಮಲಾಕ್ಷ ಹೆಂಡತಿಯ ವೇಲಿನ ತುದಿಯನ್ನು ಎಡಗೈಯಲ್ಲಿ ಹಿಡಿದ. ತಾನೂ ಹಿಂದಿನಿಂದ ಬರುತ್ತೇನೆ ಎಂದು ಚಂಪಾ ಸುಳ್ಳು ಹೇಳಿದಳು. ಅವನು ನಂಬಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಅವಳೇ ಬಿಡಿಸಬೇಕಾಯಿತು.

ಸುರತ್ಕಲ್ಲಿನ ಅಕ್ಕನ ಮನೆಯಲ್ಲಿ ಅವನು ಐದು ತಿಂಗಳು ಬದುಕಿದ್ದ. ಅಕ್ಕ ಚೆನ್ನಾಗಿಯೇ ನೋಡಿಕೊಂಡಳು. ವಿಡಿಯೊದಲ್ಲಿ ಚಂಪಾ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಶ್ಮಿತಾ ಭಾನುವಾರ ಬಂದರೆ ಮಾತ್ರ ಅವಳ ಕೈ ಹಿಡಿದು ಹೊತ್ತು ಇಳಿಯುವವರೆಗೂ ಕೂರುತ್ತಿದ್ದ. ಎರಡನೆಯ ಆಘಾತ ಆಗಸ್ಟಿನಲ್ಲಿ ಬಂತು. ಕುವೈತಿನ ಶಾಲೆಗಳ ರಜೆಯ ಕಾಲ, ವಿಮಾನದಲ್ಲಿ ಸೀಟಿರಲಿಲ್ಲ. ಚಂಪಾ ಮುಂಬೈ ಸುತ್ತಿ ಊರು ಮುಟ್ಟುವಷ್ಟರಲ್ಲಿ ಚಿತೆ ಆರಿ ಎರಡು ದಿನವಾಗಿತ್ತು. ಬೊಜ್ಜದ ಉತ್ತರಕ್ರಿಯೆ ಮುಗಿಸಿ, ಅಲ್ಲಿ ಯಾರ ಮುಂದೆಯೂ ಅಳದೆ ಮರಳಿ ಬಂದಳು.

ಕ್ಲಿನಿಕ್ಕಿಗೆ ಹೋದ ಮೊದಲ ದಿನ ಶ್ರಾವಣಿ ಅವಳನ್ನು ಅಪ್ಪಿಕೊಂಡಳು. ಕೆಲವು ವಾರಗಳಾದ ಮೇಲೆ ಗೆಳತಿಯೊಬ್ಬಳಿಗೆ ಇನ್ನೊಂದು ಹಲಗೆ ಬೇಕಿತ್ತು ಎಂದು ಮೆಲ್ಲಗೆ ಕೇಳಿದಳು. ಚಂಪಾ ಇಲ್ಲವೆನ್ನಲಿಲ್ಲ. ಮಗಳ ಓದು ಇನ್ನೂ ಒಂದೂವರೆ ವರ್ಷವಿತ್ತು. ಅದೇ ಅಂಗಡಿಯಲ್ಲಿ ಕತ್ತರಿಸಿಟ್ಟ ರೆಡಿಮೇಡ್ ಮರದ ಅಕ್ಷರಗಳು ಸಿಗುತ್ತಿದ್ದವು. ಅವನ್ನು ತಂದು, ಕಪ್ಪು ಬಣ್ಣ ಹಚ್ಚಿ, ಅಂಟಿಸಿ ಕೊಟ್ಟಳು.

ಶ್ರಾವಣಿ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. “ಚಂಪಕ್ಕ, ಇದು ಮೊದಲಿನದಕ್ಕಿಂತ ನೀಟಾಗಿ ಬಂದಿದೆ,” ಎಂದಳು. ಸಮಾಧಾನಕ್ಕೆಂದೇ ಅಂದದ್ದು.

ಹೌದು ಡಾಕ್ಟ್ರೇ ಎಂದು ಚಂಪಾ ಕೈಗವಸು ಹಾಕಿಕೊಂಡಳು. ಒಳಗೆ ಕುರ್ಚಿಯಲ್ಲಿ ರೋಗಿ ಬಾಯಿ ತೆರೆದು ಕಾಯುತ್ತಿದ್ದ.